ಮೊದಲು ಲೆನ್ಸು, ಆಮೇಲೆ ಕ್ಯಾಮೆರಾ

"ಬಜೆಟ್ ಅರವತ್ತು ಸಾವಿರ, ಯಾವ ಕ್ಯಾಮೆರಾ ತಗೊಳ್ಳಲಿ?" ನಮಗೆ ಫೋಟೋ ಹುಚ್ಚಿದೆ ಅಂತ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತೆ. ನಾನು ತಿರುಗಿ ಕೇಳೋದು ಒಂದೇ: "ಏನು ತೆಗೀತೀರಿ?" ಇದಕ್ಕೆ ಮಾತ್ರ ಉತ್ತರ ಸುಲಭಕ್ಕೆ ಬರೋದಿಲ್ಲ. "ಎಲ್ಲಾನೂ ತೆಗೀಬೇಕು ಅಂತ ಆಸೆ" ಅಂತಾರೆ. ಅಷ್ಟರಲ್ಲಿ ಅವರ ತಲೆಯಲ್ಲಿ ಒಂದು ಬಾಡಿಯ ಹೆಸರು ಕೂತಾಗಿರುತ್ತೆ, ಅದಕ್ಕೆ ನಾನು ಹೂಂ ಅನ್ನಬೇಕು, ಅಷ್ಟೇ :)

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಹವ್ಯಾಸಕ್ಕೆ ಫೋಟೋ ತೆಗೆಯುವವರು ಮೊದಲು ಲೆನ್ಸ್ ಯಾವುದು ಅಂತ ತೀರ್ಮಾನ ಮಾಡಬೇಕು. ಆ ಲೆನ್ಸ್ ಕೂರುವ ಬಾಡಿಗಳಲ್ಲಿ ಉಳಿದ ದುಡ್ಡಿಗೆ ಯಾವುದು ಸಿಗುತ್ತೋ ಅದು ಸಾಕು. ಹಳೆಯದಾದರೂ ಸರಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ನಮ್ಮಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ಮಾಡ್ತಾರೆ. ಇದ್ದಬದ್ದ ದುಡ್ಡನ್ನೆಲ್ಲ ಬಾಡಿಗೆ ಸುರಿದು (ಸಾಲದ್ದಕ್ಕೆ ಇಎಂಐ ಬೇರೆ), ಜೊತೆಗೆ ಬಂದ ಕಿಟ್ ಲೆನ್ಸ್ ಒಂದನ್ನೇ ಇಟ್ಟುಕೊಂಡು, ಫೋಟೋ ಯಾಕೋ ಮೊಬೈಲ್‌ನಂತೆಯೇ ಬರ್ತಿದೆಯಲ್ಲ ಅಂತ ಬೇಜಾರಾಗಿ, ಆರು ತಿಂಗಳಿಗೆ ಕ್ಯಾಮೆರಾ ಬೀರು ಸೇರುತ್ತೆ. ಕಂತು ಮಾತ್ರ ಮುಂದುವರಿಯುತ್ತೆ. ಮದುವೆ ಫೋಟೋ ತೆಗೆದು ಸಂಸಾರ ನಡೆಸುವವರ ಲೆಕ್ಕ ಬೇರೆ ಬಿಡಿ, ಅವರಿಗೆ ಬಾಡಿ ಕೈಕೊಟ್ಟರೆ ಹೆಸರೇ ಕೆಡುತ್ತೆ. ನಾನು ಹೇಳ್ತಿರೋದು ಸಂಬಳದಲ್ಲಿ ಉಳಿಸಿ, ಮನೆಯವರ ಕೈಲಿ ಒಂದು ಮಾತು ಕೇಳಿ ಕ್ಯಾಮೆರಾ ಕೊಳ್ಳುವ ನಮ್ಮಂಥವರ ಬಗ್ಗೆ.

ಯಾಕೆ ಲೆನ್ಸ್ ಮೊದಲು? ಬಾಡಿ ಅನ್ನೋದು ಈಗ ಒಂದು ಕಂಪ್ಯೂಟರ್. ಫೋನಿನ ಹಾಗೆ ಹಳತಾಗುತ್ತೆ. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರ್ ಒಳಗೆ ಬಂದಾಗ ಅದೇ ದೊಡ್ಡ ಸುದ್ದಿ. ಅದರ 6.3 ಮೆಗಾಪಿಕ್ಸೆಲ್ ಸೆನ್ಸರ್ ಇವತ್ತು ಯಾರಿಗೂ ಬೇಡ. ಆದರೆ ಅವತ್ತು ಅದಕ್ಕೆ ಹಾಕುತ್ತಿದ್ದ ಇಎಫ್ ಲೆನ್ಸ್? ಆ ಮೌಂಟ್ ಹುಟ್ಟಿದ್ದು 1987ರಲ್ಲಿ. ಆಗಿನ ಲೆನ್ಸನ್ನೂ ಒಂದು ಅಡಾಪ್ಟರ್ ಸಿಕ್ಕಿಸಿ ಕ್ಯಾನನ್‌ನ ಇವತ್ತಿನ ಆರ್ ಸರಣಿಯ ಮಿರರ್‌ಲೆಸ್ ಬಾಡಿಗೆ ಹಾಕಿದರೆ ಆಟೋಫೋಕಸ್ ಸಮೇತ ಕೆಲಸ ಮಾಡುತ್ತೆ. ನಿಕಾನ್‌ನ ಎಫ್ ಮೌಂಟ್ 1959ರದ್ದು. ನಾಲ್ಕು ಬಾಡಿ ಬದಲಾಯಿಸಿದರೂ ಲೆನ್ಸ್ ಅದೇ ಇರುತ್ತೆ. ದುಡ್ಡು ಎಲ್ಲಿ ಹಾಕಬೇಕು ಅನ್ನೋದಕ್ಕೆ ಇದಕ್ಕಿಂತ ಕಾರಣ ಬೇಕಾ?

ಮೆಗಾಪಿಕ್ಸೆಲ್ ವಿಷಯ ಬಂತಲ್ಲ, ಆ ಲೆಕ್ಕ ಮುಗಿಸಿಬಿಡೋಣ. 12ರಿಂದ 24ಕ್ಕೆ ಹೋದರೆ ಚಿತ್ರ ಎರಡರಷ್ಟು ದೊಡ್ಡದಾಗೋದಿಲ್ಲ. ಉದ್ದ ಅಗಲ ಎರಡೂ ದುಪ್ಪಟ್ಟಾಗಬೇಕಾದರೆ ಪಿಕ್ಸೆಲ್ ನಾಲ್ಕು ಪಟ್ಟು ಬೇಕು. 12ರಿಂದ 24ಕ್ಕೆ ಒಂದೊಂದು ಬದಿಗೆ ಸಿಗೋದು ಸುಮಾರು 41 ಶೇಕಡಾ ಅಷ್ಟೇ. 4ಕೆ ಟೀವಿಯ ಇಡೀ ಪರದೆ ತುಂಬೋಕೆ ಬೇಕಾಗಿರೋದು 8.3 ಮೆಗಾಪಿಕ್ಸೆಲ್. ಗೋಡೆ ತುಂಬಾ ಪ್ರಿಂಟ್ ಹಾಕಿಸುವವರನ್ನು ಬಿಟ್ಟು ಉಳಿದವರಿಗೆ ಹತ್ತು ವರ್ಷದ ಹಿಂದಿನ 16 ಮೆಗಾಪಿಕ್ಸೆಲ್ ಬಾಡಿಯೂ ಧಾರಾಳವಾಯ್ತು.

ಈಗ ಬೆಳಕಿನ ಲೆಕ್ಕ. ಯಕ್ಷಗಾನದ ಆಟ ಅಂದುಕೊಳ್ಳಿ, ರಾತ್ರಿ ಹನ್ನೊಂದು ಗಂಟೆ. ಕಿಟ್ ಲೆನ್ಸನ್ನು 55 ಎಂಎಂಗೆ ಎಳೆದರೆ ಅಪರ್ಚರ್ ಎಫ್ 5.6ಕ್ಕಿಂತ ದೊಡ್ಡದಾಗೋದಿಲ್ಲ. ಶಟರ್ 1/30 ಸೆಕೆಂಡ್ ಅಂದುಕೊಳ್ಳೋಣ. ಪುಂಡುವೇಷದವರು ಧೀಂಗಿಣ ಹಾಕಿದರೆ ಫೋಟೋದಲ್ಲಿ ಬಣ್ಣದ ಮೋಡ ಮಾತ್ರ ಉಳಿಯುತ್ತೆ. ಫ್ಲಾಶ್ ಹೊಡೆದರೆ ವೇಷಧಾರಿಗೂ ತೊಂದರೆ, ಹಿಂದೆ ಕೂತವರೂ ಬೈತಾರೆ, ಮುಖವರ್ಣಿಕೆ ಚಪ್ಪಟೆಯಾಗುತ್ತೆ. ಅದೇ ಬಾಡಿಗೆ ಎಫ್ 1.8ರ 50 ಎಂಎಂ ಲೆನ್ಸ್ ಹಾಕಿ. ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತೆ. 1/30 ಇದ್ದದ್ದು 1/250ಕ್ಕೆ ಆರಾಮಾಗಿ ಏರುತ್ತೆ. ಕಣ್ಣು, ಹುಬ್ಬು, ಕಿರೀಟದ ಮಣಿ ಎಲ್ಲ ಚೊಕ್ಕವಾಗಿ ಸಿಗುತ್ತೆ. ಹತ್ತು ಪಟ್ಟು ಅಂದರೆ ಮೂರು ಸ್ಟಾಪ್‌ಗೂ ಜಾಸ್ತಿ. ಒಂದು ಮಾಡೆಲ್‌ನಿಂದ ಅದರ ಮುಂದಿನ ಮಾಡೆಲ್‌ಗೆ ಬಾಡಿ ಒಂದು ಸ್ಟಾಪ್ ಸುಧಾರಿಸಿದರೆ ಅದೇ ದೊಡ್ಡದು. ಎರಡು ಕಂಪನಿಗಳಲ್ಲೂ ಅತಿ ಅಗ್ಗದ ಲೆನ್ಸ್‌ಗಳ ಸಾಲಿಗೆ ಸೇರುವ ಈ 50 ಎಂಎಂ ಮಾಡುವ ಕೆಲಸವನ್ನು ಬಾಡಿಯಿಂದ ಮಾಡಿಸಬೇಕಾದರೆ ಎಷ್ಟು ಖರ್ಚಾಗುತ್ತೆ ನೀವೇ ಯೋಚಿಸಿ.

ಹಾಗಂತ ಎಲ್ಲರೂ 50 ಕೊಂಡುಕೊಳ್ಳಿ ಅಂತ ನಾನು ಹೇಳೋದಿಲ್ಲ. ಅದೂ ಕುರುಡು ಸಲಹೆಯೇ. ನಮ್ಮ ಕೈಗೆಟುಕುವ ಬಾಡಿಗಳಲ್ಲಿ ಹೆಚ್ಚಿನವು ಚಿಕ್ಕ ಸೆನ್ಸರಿನವು. ಕ್ಯಾನನ್‌ನಲ್ಲಿ 1.6, ನಿಕಾನ್, ಸೋನಿ, ಫ್ಯೂಜಿಗಳಲ್ಲಿ 1.5ರಿಂದ ಗುಣಿಸಬೇಕು. ಕ್ಯಾನನ್ ಚಿಕ್ಕ ಸೆನ್ಸರಿನಲ್ಲಿ 50 ಎಂಎಂ ಅನ್ನೋದು 80 ಎಂಎಂನಷ್ಟು ನೋಟ ಕೊಡುತ್ತೆ. ರಂಗಸ್ಥಳದ ಮುಂದೆ ಕೂತವರಿಗೆ ಒಳ್ಳೆಯದು. ಮನೆಯಲ್ಲಿ ನಾಮಕರಣದ ಫೋಟೋ ತೆಗೆಯಲು ಹೋದರೆ ಹಿಂದೆ ಸರಿದು ಸರಿದು ಬೆನ್ನಿಗೆ ಗೋಡೆ ತಾಗುತ್ತೆ, ತೊಟ್ಟಿಲು ಮಾತ್ರ ಚೌಕಟ್ಟಿನೊಳಗೆ ಬರೋದಿಲ್ಲ. ಅಲ್ಲಿಗೆ 24 ಅಥವಾ 35 ಎಂಎಂ ಬೇಕು. ನಿಕಾನ್‌ನವರು 2009ರಲ್ಲಿ ಚಿಕ್ಕ ಸೆನ್ಸರಿಗೆಂದೇ ತಂದ 35 ಎಂಎಂ ಎಫ್ 1.8 ಇದಕ್ಕೆ ಹೇಳಿ ಮಾಡಿಸಿದಂಥದು.

ಹಾಗಾದರೆ ನಮಗೆ ಯಾವ ಲೆನ್ಸ್ ಬೇಕು ಅಂತ ಗೊತ್ತಾಗೋದು ಹೇಗೆ? ಉತ್ತರ ಕಂಪ್ಯೂಟರಿನಲ್ಲೇ ಇದೆ. ಪ್ರತಿ ಫೋಟೋದ ಒಳಗೂ ಅದನ್ನು ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತ ದಾಖಲಾಗಿರುತ್ತೆ. ಕಿಟ್ ಲೆನ್ಸ್‌ನಲ್ಲೇ ಮೂರು ತಿಂಗಳು ತೆಗೆಯಿರಿ. ಸ್ವಂತದ್ದಿಲ್ಲದಿದ್ದರೆ ಗೆಳೆಯರ ಹತ್ತಿರ ಕಡ ತನ್ನಿ. ಆಮೇಲೆ ಅದರಲ್ಲಿ ನಿಮಗೇ ಇಷ್ಟವಾದ ಐವತ್ತು ಚಿತ್ರ ಆರಿಸಿ ಆ ಸಂಖ್ಯೆ ನೋಡಿ. ಹೆಚ್ಚಿನವು 18ರ ಹತ್ತಿರ ಇದ್ದರೆ ನೀವು ಅಗಲ ನೋಡುವ ಮನುಷ್ಯ. ಎಲ್ಲ 55ಕ್ಕೆ ಹೋಗಿ ನಿಂತಿದ್ದರೆ ಇನ್ನೂ ದೂರ ಎಳೆಯುವ ಲೆನ್ಸ್ ಬೇಕು. ಯಾವ ತಜ್ಞರೂ ಇದಕ್ಕಿಂತ ಸರಿಯಾದ ಸಲಹೆ ಕೊಡಲಾರರು, ಯಾಕೆಂದರೆ ಇದು ನಿಮ್ಮ ಕಣ್ಣೇ ಕೊಟ್ಟ ಸಲಹೆ.

ನನ್ನ ವಾದಕ್ಕೆ ಒಂದು ಅಪವಾದ ಇದೆ, ಅದನ್ನೂ ಹೇಳಬೇಕು. ಹಾರುವ ಹಕ್ಕಿ. ಇಲ್ಲಿ ಬಾಡಿಯೂ ಮುಖ್ಯ. ಹೊಸ ಮಿರರ್‌ಲೆಸ್‌ಗಳಲ್ಲಿ ಹಲವು ಹಕ್ಕಿಯ ಕಣ್ಣನ್ನೇ ಗುರುತಿಸಿ ಬೆನ್ನು ಹತ್ತುತ್ತವೆ, ಹಳೆಯ ಬಾಡಿಗಳಿಗೆ ಅದು ಆಗದ ಮಾತು. ಆದರೆ ಕೂತ ಹಕ್ಕಿಗೆ ಈ ಮಾತು ಅಷ್ಟು ಅನ್ವಯಿಸೋದಿಲ್ಲ. ರಂಗನತಿಟ್ಟಿನಲ್ಲಿ ದೋಣಿ ಬಣ್ಣದ ಕೊಕ್ಕರೆಗಳ ಹತ್ತಿರಕ್ಕೇ ಹೋಗುತ್ತೆ, ಸಾಧಾರಣ 70-300 ಸಾಕು. ಅದೇ ದೂರದ ಮರದ ತುದಿಯ ಹದ್ದಿಗಾದರೆ 150-600ರಂಥ ದೊಡ್ಡ ಲೆನ್ಸ್, ಎರಡು ಕೆಜಿಯ ಆಸುಪಾಸು ತೂಕ. ಅದನ್ನು ಹೊತ್ತು ಎಷ್ಟು ದಿನ ಓಡಾಡ್ತೀನಿ ಅಂತ ಕೊಳ್ಳುವ ಮೊದಲು ಕೇಳಿಕೊಳ್ಳಿ. ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು ನೋಡೋದು ಜಾಣತನ. ಅಂದಹಾಗೆ, ನಮ್ಮ ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿ ಫೋಟೋ ತೆಗೆದದ್ದು ಫಿಲ್ಮ್ ಕಾಲದಲ್ಲಿ. ಕಣ್ಣು ಹುಡುಕುವ ಕಂಪ್ಯೂಟರ್ ಇರಲಿಲ್ಲ, ಕಾಯುವ ತಾಳ್ಮೆ ಇತ್ತು.

ಇವತ್ತು ಈ ಮಾತನ್ನು ಒತ್ತಿ ಹೇಳೋದಕ್ಕೆ ಇನ್ನೊಂದು ಕಾರಣ ಇದೆ. 2018ರಲ್ಲಿ ಕ್ಯಾನನ್, ನಿಕಾನ್ ಇಬ್ಬರೂ ಮಿರರ್‌ಲೆಸ್‌ಗೆಂದು ಹೊಸ ಮೌಂಟ್ ತಂದರು. 2020ರ ನಂತರ ಇಬ್ಬರಿಂದಲೂ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. ಡಿಎಸ್‌ಎಲ್‌ಆರ್ ಸತ್ತಿತು ಅಂತ ಜನ ಹಳೆಯ ಲೆನ್ಸ್‌ಗಳನ್ನು ಮಾರಿ ಹೋಗ್ತಿದ್ದಾರೆ. ಹವ್ಯಾಸಿಗಳಿಗೆ ಇದು ಸುಗ್ಗಿ! ಸ್ವಲ್ಪ ಎಚ್ಚರ ಇರಲಿ. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ಬಾಡಿ ಕೊಳ್ಳುವಾಗ ಶಟರ್ ಎಷ್ಟು ಸಲ ಬಿದ್ದಿದೆ ಕೇಳಿ. ಲೆನ್ಸ್ ಆದರೆ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ, ಜೇಡರ ಬಲೆಯ ಥರ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಅಗ್ಗವಾದರೂ ಬೇಡ.

ಕೊಂಡ ಮೇಲೆ ನಮ್ಮ ಮನೆಯಲ್ಲೂ ಅದು ಹಿಡಿಯದಂತೆ ನೋಡಿಕೊಳ್ಳಬೇಕಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಬರೋದು ಉಪ್ಪಿನಕಾಯಿಗೆ ಬಂದಷ್ಟೇ ಸಲೀಸು. ಚರ್ಮದ ಚೀಲದಲ್ಲಿ, ಬಟ್ಟೆ ಬೀರುವಿನಲ್ಲಿ ಇಡಲೇಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಒಂದಿಷ್ಟು ಸಿಲಿಕಾ ಜೆಲ್ ಹಾಕಿಡಿ, ಹರಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ ಲೆನ್ಸನ್ನು ಆಗಾಗ ಹೊರಗೆ ತೆಗೆದು ಬಳಸಿ.

ಇಷ್ಟು ಹೇಳಿದ ಮೇಲೂ "ಸರಿ, ಆದರೆ ಫುಲ್ ಫ್ರೇಮ್ ತಗೊಂಡರೆ ಹೇಗೆ?" ಅನ್ನೋರು ಇರ್ತಾರೆ ಅಂತ ಗೊತ್ತು :) ದುಡ್ಡು ನಿಮ್ಮದು, ಖಂಡಿತ ತಗೊಳ್ಳಿ. ಲೆನ್ಸಿಗೂ ದುಡ್ಡು ಉಳಿದಿದ್ದರೆ ಮಾತ್ರ.

ನಿಮ್ಮ ಬಳಿ ಇರುವ ಲೆನ್ಸ್‌ಗಳಲ್ಲಿ ಅತಿ ಹೆಚ್ಚು ಬಳಸೋದು ಯಾವುದು, ಅದು ಎಷ್ಟು ಬಾಡಿ ಕಂಡಿದೆ? ಬರೆದು ತಿಳಿಸಿ. ಹೊಸದಾಗಿ ಕೊಳ್ಳುವವರಿಗೆ ನನ್ನ ಪುರಾಣಕ್ಕಿಂತ ನಿಮ್ಮ ಅನುಭವ ಹೆಚ್ಚು ಉಪಯೋಗಕ್ಕೆ ಬರುತ್ತೆ.