ಒಂದು ಫೋನು, ನಾಲ್ಕು ಕೈ

ನಮ್ಮಂಥ ಪರಸ್ಥಳದ ಸಂಸಾರಗಳಲ್ಲಿ ಎಷ್ಟೋ ಕಡೆ ಇರುವುದು ಒಂದೇ ಸ್ಮಾರ್ಟ್‌ಫೋನು. ಮಗುವಿಗೆ ಆಟ, ಯಜಮಾನರಿಗೆ ಬ್ಯಾಂಕು, ಸೊಸೆಗೆ ತವರಿನ ಸುದ್ದಿ, ಅಜ್ಜಿಗೆ ಹರಿಕಥೆ, ಎಲ್ಲವೂ ಅದರಲ್ಲೇ. ಕಚೇರಿಯಲ್ಲಿ ನಾವು ಒಂದೇ ಕಪಾಟಿನ ಖಾನೆಗಳಿಗೆ ಬೇರೆ ಬೇರೆ ಬೀಗ ಹಾಕುತ್ತೇವೆ. ಫೋನಿಗೂ ಅದು ಸಾಧ್ಯ.

ಆಂಡ್ರಾಯ್ಡ್ ಫೋನುಗಳಿಗೆ ಈ ಅನುಕೂಲ 2014ರಲ್ಲಿ, 5.0 ಆವೃತ್ತಿಯೊಡನೆ ಬಂತು. ಸೆಟ್ಟಿಂಗ್ಸ್‌ನಲ್ಲಿ ‘ಬಳಕೆದಾರರು’ ಎಂಬುದನ್ನು ಹುಡುಕಿ ಹೊಸ ಖಾತೆ ಸೇರಿಸಬೇಕು. ಆಮೇಲೆ ಪರದೆಯನ್ನು ಮೇಲಿನಿಂದ ಕೆಳಕ್ಕೆಳೆದು, ಮನುಷ್ಯನ ತಲೆಯಂಥ ಗುರುತನ್ನು ಒತ್ತಿದರೆ ಖಾತೆ ಬದಲಾಗುತ್ತದೆ. ಪ್ರತಿಯೊಬ್ಬರಿಗೂ ತಮ್ಮವೇ ಆಪ್‌ಗಳು, ಚಿತ್ರಗಳು, ಪಿನ್. ಅಜ್ಜಿಯ ಖಾತೆಯನ್ನು ಕನ್ನಡದಲ್ಲೇ ಇಡಬಹುದು. ಕರೆ, ಎಸ್ಸೆಮ್ಮೆಸ್ಸುಗಳಿಗೆ ಮಾತ್ರ ಫೋನಿನ ಮಾಲೀಕರ ಅಪ್ಪಣೆ ಬೇಕು. ಮಗುವಿಗೆ ಅದನ್ನು ಕೊಡದಿದ್ದರೆ ಬ್ಯಾಂಕಿನ ಓಟಿಪಿ ಅದರ ಕೈಗೆ ಸಿಗದು. ನೆಂಟರಿಗೆ ‘ಅತಿಥಿ’ ಖಾತೆಯೂ ಉಂಟು.

ಐಫೋನಿನಲ್ಲಿ ಈ ಸೌಕರ್ಯವಿಲ್ಲ. ಆಂಡ್ರಾಯ್ಡಿನಲ್ಲೂ ಕೆಲವು ತಯಾರಕರು ಇದನ್ನು ಕೈಬಿಟ್ಟಿದ್ದಾರೆ. ಫೋನಿನೊಳಗಿನ ಜಾಗವನ್ನಂತೂ ಎಲ್ಲರೂ ಹಂಚಿಕೊಳ್ಳಲೇಬೇಕು.

“ಮನೆಯವರಲ್ಲೇ ಮುಚ್ಚುಮರೆಯೇ?” ಎಂದು ಹಿರಿಯರು ಕೇಳಬಹುದು. ಒಬ್ಬರಿಗೆ ಬಂದ ಕಾಗದವನ್ನು ಇನ್ನೊಬ್ಬರು ಒಡೆದು ಓದಬಾರದೆಂದು ನಮಗೆ ಕಲಿಸಿದವರು ಅವರೇ ಅಲ್ಲವೆ? ಸೊಸೆ ತವರಿಗೆ ಬರೆದ ನಾಲ್ಕು ಸಾಲಿಗೂ ಆ ಮರ್ಯಾದೆ ಸಲ್ಲಲಿ.