ತಪ್ಪನ್ನೂ ತಪ್ಪದೆ ಮಾಡಬೇಕು

ಫ್ಲ್ಯಾಶ್ ಪ್ಲೇಯರಿನ ಆಯುಷ್ಯ ಮುಗಿದದ್ದು 2020ರ ಡಿಸೆಂಬರ್ 31ಕ್ಕೆ. ಅಡೋಬ್ ಕಂಪನಿ ಅಂದು ಅದರ ಪೋಷಣೆ ನಿಲ್ಲಿಸಿತು; ಮರುತಿಂಗಳ 12ರಿಂದ ಅದರಲ್ಲಿ ಏನೂ ಓಡದಂತೆ ಬೀಗವನ್ನೂ ಜಡಿಯಿತು. 1996ರಿಂದ ಅದಕ್ಕಾಗಿ ಕಟ್ಟಿದ್ದ ಆಟ, ಚಲಿಸುವ ಚಿತ್ರ, ಮಕ್ಕಳ ಪಾಠಗಳೆಲ್ಲ ಬ್ರೌಸರಿನಲ್ಲಿ ಮೂಕವಾದವು.

ಅವಕ್ಕೆ ಮತ್ತೆ ಬಾಯಿ ಕೊಡುತ್ತಿರುವುದು ‘ರಫಲ್’ ಎಂಬ ಎಮ್ಯುಲೇಟರ್. ಹಳೆಯ ಪ್ಲೇಯರಿನ ವೇಷ ಹಾಕಿ ಹಳೆಯ ಕಡತವನ್ನು ನಡೆಸುವುದು ಅದರ ಕೆಲಸ. ಪೇಚು ಹೆಚ್ಚಾಗಿ ಕಾಣುವುದು ಚಿತ್ರದಲ್ಲಲ್ಲ, ಅದರ ಹಿಂದಿರುವ ಆಕ್ಷನ್‌ಸ್ಕ್ರಿಪ್ಟ್ ಆಜ್ಞೆಗಳಲ್ಲಿ.

ಒಂದು ಮಗ್ಗಿ ಪಾಠವಿದೆಯೆನ್ನಿ. ಸರಿಯುತ್ತರಕ್ಕೆ ಅಂಕಕ್ಕೆ ಒಂದು ಕೂಡಿಸು ಎಂದು ಬರೆದಾತ, ಮೊದಲಿಗೆ ಅಂಕ ಸೊನ್ನೆ ಎಂದು ಹೇಳಲು ಮರೆತಿದ್ದಾನೆ. ಕಡತ 6ನೆಯ ಆವೃತ್ತಿಯದಾದರೆ ಪ್ಲೇಯರು ಧಾರಾಳಿ. ಹೇಳದ್ದನ್ನು ಸೊನ್ನೆಯೆಂದೇ ತಿಳಿದು ಮಗುವಿಗೆ ಒಂದು ಅಂಕ ಕೊಡುತ್ತದೆ. 2003ರಲ್ಲಿ ಬಂದ 7ನೆಯದು ಶಿಸ್ತಿನ ಹೆಡ್‌ಮಾಸ್ತರು. ಬೆಲೆಯಿಲ್ಲದ್ದಕ್ಕೆ ಒಂದು ಕೂಡಿಸಿದರೆ ‘ಇದು ಸಂಖ್ಯೆಯೇ ಅಲ್ಲ’ ಎನ್ನುತ್ತದೆ. ಆಮೇಲೆ ಎಷ್ಟು ಕೂಡಿಸಿದರೂ ಅದೇ ಉತ್ತರ! ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರಗಳನ್ನು 6ನೆಯದು ಒಂದೇ ಎಂದರೆ, 7ನೆಯದು ಬೇರೆ ಬೇರೆ ಎನ್ನುತ್ತದೆ. ಹೀಗಾಗಿ ಎಮ್ಯುಲೇಟರು ಪ್ರತಿ ಕಡತದ ತಲೆಯಲ್ಲಿರುವ ಆವೃತ್ತಿ ಸಂಖ್ಯೆ ನೋಡಿಯೇ ನಡೆದುಕೊಳ್ಳಬೇಕು. ‘ಸರಿ’ಪಡಿಸಲು ಹೋದರೆ ಪಾಠ ಕೆಟ್ಟಿತು. 2006ರ ಆಕ್ಷನ್‌ಸ್ಕ್ರಿಪ್ಟ್ 3 ಅಂತೂ ಬೇರೆಯದೇ ಯಂತ್ರ. ಅದನ್ನು ಪ್ರತ್ಯೇಕವಾಗಿಯೇ ಕಟ್ಟಬೇಕಾಯಿತು.

ಕನ್ನಡಕ್ಕೆ ಇನ್ನೊಂದು ತೊಡಕು. ಪಾಠದಲ್ಲಿ ಸ್ಥಿರವಾಗಿ ಕೂಡಿಸಿದ ಅಕ್ಷರಗಳ ಆಕಾರ ಸಾಮಾನ್ಯವಾಗಿ ಕಡತದೊಳಗೇ ಇರುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಅವು ನೆಟ್ಟಗೆ ಮೂಡುತ್ತವೆ. ಆದರೆ ‘ಶಾಬಾಸ್’ ಎಂದೋ ‘ಮತ್ತೆ ಪ್ರಯತ್ನಿಸು’ ಎಂದೋ ಸ್ಕ್ರಿಪ್ಟು ಆಗಿಂದಾಗ ಬರೆಯುವ ಮಾತಿಗೆ ಫಾಂಟ್ ಬೇಕು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿದ್ದವು. ಕಡತದೊಳಗೆ ಫಾಂಟ್ ಸೇರಿಸದೆ ಬಿಟ್ಟಿದ್ದರೆ ಶಾಬಾಸ್ ಜಾಗದಲ್ಲಿ ಇಂಗ್ಲಿಷ್ ಕಲಸುಮೇಲೋಗರ ಬರುತ್ತದೆ. ಎಮ್ಯುಲೇಟರ್ ಎಷ್ಟೇ ನಿಷ್ಠಾವಂತವಾದರೂ ಆ ಫಾಂಟನ್ನು ಯಾರಾದರೂ ಹುಡುಕಿ ಕೊಡಲೇಬೇಕು.

ವಳಕಮದಿನ್ನಿಯಂಥ ಊರಿನ ಶಾಲೆಯ ಬೀರುವಿನಲ್ಲಿ ಅಂಥ ಹಳೆಯ ಪಾಠದ ಸಿ.ಡಿ. ಸಿಕ್ಕರೆ ಮೊದಲು ಅದರ ಪ್ರತಿ ತೆಗೆದಿಡಬೇಕು. ಆಮೇಲೆ ರಫಲ್‌ನಲ್ಲಿ ತೆರೆದು, ಬಣ್ಣದ ಚಿತ್ರ ಮೂಡಿತೆಂದು ಅಲ್ಲಿಗೇ ಬಿಡಬಾರದು. ಎರಡು ಸರಿಯುತ್ತರ, ಬೇಕೆಂದೇ ಒಂದು ತಪ್ಪುತ್ತರ ಕೊಟ್ಟು, ಅಂಕ ಎಷ್ಟು ಬಂತೆಂದು ನೋಡಬೇಕು.