ಕುಳ್ಳ ಬೆಟ್ಟದ ಪರವಾಗಿ

ದೆಹಲಿಯ ಕನ್ನಡ ಮನೆಗಳಲ್ಲಿ ಬೆಟ್ಟವೆಂದರೆ ಸಹ್ಯಾದ್ರಿಯೇ. ಬೇಸಗೆ ರಜೆಯಲ್ಲಿ ಮಕ್ಕಳಿಗೆ ಆಗುಂಬೆಯನ್ನೋ ಕೊಡಚಾದ್ರಿಯನ್ನೋ ತೋರಿಸಿ, 'ಇದು ನಮ್ಮ ಕಾಡು' ಎಂದು ಹೇಳಿ ಮರಳುತ್ತೇವೆ. ಉಳಿದ ಹನ್ನೊಂದು ತಿಂಗಳು ಆ ಮಕ್ಕಳು ಬೆಳೆಯುವುದು ಅರಾವಳಿಯ ಮಗ್ಗುಲಲ್ಲಿ. ಅದರ ವಿಷಯ ಬಂದರೆ ಮಾತ್ರ, 'ಅಲ್ಲೇನಿದೆ, ಬರೀ ಕುರುಚಲು' ಎಂದುಬಿಡುತ್ತೇವೆ. ಈ ಉಪೇಕ್ಷೆಯನ್ನು ನಾನು ಒಪ್ಪಲಾರೆ.

ಗುಜರಾತಿನಿಂದ ದೆಹಲಿಯವರೆಗೆ ಸುಮಾರು 670 ಕಿ.ಮೀ. ಹಬ್ಬಿರುವ ಈ ಶ್ರೇಣಿಯ ವಯಸ್ಸು 100 ಕೋಟಿ ವರ್ಷಕ್ಕೂ ಮಿಕ್ಕಿದ್ದು. ಹಿಮಾಲಯದ್ದು ಸುಮಾರು 5 ಕೋಟಿ. ಕುಳ್ಳಗಿರುವುದು ಅದರ ಹಿರಿತನದ ಗುರುತೇ ಹೊರತು ಬಡತನದ್ದಲ್ಲ. ಬಂಡೆಯ ಬಿರುಕುಗಳಲ್ಲಿ ಮಳೆನೀರನ್ನು ಇಂಗಿಸಿ ನಮ್ಮ ಅಂತರ್ಜಲವನ್ನು ತುಂಬುವುದೂ, ಮರುಭೂಮಿಯ ಧೂಳಿಗೆ ಅಡ್ಡ ನಿಲ್ಲುವುದೂ ಅದೇ. ಎತ್ತರವನ್ನಷ್ಟೇ ಅಳೆಯುವ ಕಣ್ಣಿಗೆ ಇದು ಕಾಣದು. ಸುತ್ತಲಿನ ನೆಲಕ್ಕಿಂತ 100 ಮೀಟರಾದರೂ ಎತ್ತರವಿದ್ದರಷ್ಟೇ ಅರಾವಳಿಯ ಬೆಟ್ಟವೆಂಬ ವ್ಯಾಖ್ಯೆಯನ್ನು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಒಪ್ಪಿ, ಪ್ರತಿಭಟನೆಗಳೆದ್ದ ಮೇಲೆ ಡಿಸೆಂಬರಿನಲ್ಲಿ ತಡೆಹಿಡಿಯಿತು. ರಾಜಸ್ಥಾನದಲ್ಲಿ 31 ಗುಡ್ಡಗಳೇ ಕಾಣೆಯಾಗಿವೆ ಎಂಬ ವರದಿ 2018ರಲ್ಲೇ ಅದರ ಮುಂದೆ ಬಂದಿತ್ತು. ಗುರುತಿಲ್ಲದ ಗುಡ್ಡ ಕರಗಿದರೆ ಅಳುವವರು ಯಾರು?

'ಇದು ನಮ್ಮ ನೆಲವಲ್ಲ, ಇದಕ್ಕೆ ಕನ್ನಡವೆಲ್ಲಿ?' ಎನ್ನುವವರಿದ್ದಾರೆ. ಇದೆ. ಮಾಘ ಕಳೆದ ಮೇಲೆ ಇಲ್ಲಿ ಕೆಂಡದಂತೆ ಅರಳುವ ಢಾಕ್, ಊರಿನಲ್ಲಿ ಅಜ್ಜಿ ಊಟದೆಲೆ ಹಚ್ಚುತ್ತಿದ್ದ ಮುತ್ತುಗವೇ. ಕಲ್ಲುಬಂಡೆಗೆ ಬೇರುಕಚ್ಚಿ ನಿಲ್ಲುವ ಧೌ ನಮ್ಮ ದಿಂಡಿಗದ ದಾಯಾದಿ. ದೆಹಲಿಯ ಗುಡ್ಡಗಳನ್ನು ಮುಚ್ಚಿರುವ ವಿಲಾಯತಿ ಕೀಕರ್ ನಮ್ಮ ಬಳ್ಳಾರಿ ಜಾಲಿ. ಅದು ಎರಡೂ ಕಡೆ ಹೊರಗಿನಿಂದ ಬಂದು ಸ್ಥಳೀಯ ಗಿಡಗಳನ್ನು ಹತ್ತಿಕ್ಕಿದೆ. ಫರೀದಾಬಾದ್ ಬಳಿಯ ಮಾಂಗರ್ ಬನಿಯಲ್ಲಿ ಗುಜ್ಜರರು ಕೊಂಬೆಯನ್ನೂ ಕಡಿಯದೆ ಕಾಯ್ದುಕೊಂಡು ಬಂದಿರುವುದು ದೇವರ ಕಾಡು. ಕೊಡಗನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕೆ?

ಮಗು ದಿನವೂ ಕಾಣುವ ಮರಕ್ಕೆ ಹೆಸರು ಕೊಡಲಾರದ ಕನ್ನಡ, ಹಿರಿಯರ ಹಂಬಲವಾಗಿಯಷ್ಟೇ ಉಳಿದು ಅವರೊಂದಿಗೇ ಮುಗಿಯುತ್ತದೆ. ರಾಜ್ಯೋತ್ಸವಕ್ಕೆ ಮಕ್ಕಳಿಂದ ಜೋಗದ ಚಿತ್ರ ಬರೆಸುವ ನಮ್ಮ ಸಂಘಗಳು, ಮಳೆಗಾಲದ ಒಂದು ಭಾನುವಾರ ಅವರನ್ನು ಈ ಗುಡ್ಡಗಳಿಗೂ ಕರೆದೊಯ್ಯಲಿ. ಉಪನ್ಯಾಸ ಬೇಡ, ಬಹುಮಾನವೂ ಬೇಡ. ಒಂದು ಎಲೆಯನ್ನು ಕೈಗಿತ್ತು, ಅದರ ಹೆಸರನ್ನು ಇಲ್ಲಿನ ಮಾತಿನಲ್ಲೂ ನಮ್ಮ ಮಾತಿನಲ್ಲೂ ಹೇಳಿದರೆ ಸಾಕು. ಸಹ್ಯಾದ್ರಿ ಹುಟ್ಟೂರಿನ ಬೆಟ್ಟವಾಗಿಯೇ ಇರಲಿ. ಆದರೆ ನಮ್ಮ ಕಾಲಡಿಯ ಅಂತರ್ಜಲದ ಋಣ ಅರಾವಳಿಯದು.